ಗರ್ಭದೊಳಗಿನ ಜೀವ ಯಾವಾಗಿನಿಂದ ‘ವ್ಯಕ್ತಿ’? ಧರ್ಮ ಮತ್ತು ಕಾನೂನು ಎಳೆದ ಗೆರೆಗಳು

2020ರ ಡಿಸೆಂಬರ್‌ನಲ್ಲಿ ಅಮೆರಿಕದ ಅಲಬಾಮ ರಾಜ್ಯದ ಆಸ್ಪತ್ರೆಯೊಂದರಲ್ಲಿ ಒಬ್ಬ ರೋಗಿ, ಐವಿಎಫ್ (ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಸೇರಿಸುವ ಚಿಕಿತ್ಸೆ) ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದ ಕೋಣೆಯೊಳಗೆ ಹೇಗೋ ಹೊಕ್ಕರು. ಕೆಲವು ಭ್ರೂಣಗಳನ್ನು ಕೈಗೆತ್ತಿಕೊಂಡರು. ವಿಪರೀತ ಶೀತಕ್ಕೆ ಕೈ ಸುಟ್ಟಂತಾಯಿತು, ಭ್ರೂಣಗಳು ನೆಲಕ್ಕೆ ಬಿದ್ದು ಹಾಳಾದವು. ಅವುಗಳ ಮೇಲೆ ಆಸೆ ಇಟ್ಟುಕೊಂಡಿದ್ದ ದಂಪತಿಗಳು ಕೋರ್ಟಿಗೆ ಹೋದರು. ಅವರು ಆಧಾರವಾಗಿ ಹಿಡಿದದ್ದು 1872ರ ಒಂದು ಕಾನೂನನ್ನು. ಮಗುವಿನ ಸಾವಿಗೆ ಕಾರಣರಾದವರಿಂದ ಹೆತ್ತವರು ಪರಿಹಾರ ಕೇಳಬಹುದು ಎನ್ನುವ ಕಾನೂನು ಅದು. 2024ರ ಫೆಬ್ರುವರಿಯಲ್ಲಿ ಅಲಬಾಮದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಗರ್ಭದ ಹೊರಗೆ, ಹೆಪ್ಪುಗಟ್ಟಿದ ಸ್ಥಿತಿಯಲ್ಲಿರುವ ಭ್ರೂಣವೂ ಈ ಕಾನೂನಿನ ಮಟ್ಟಿಗೆ ಮಗುವೇ. ಮುಖ್ಯ ನ್ಯಾಯಮೂರ್ತಿ ಟಾಮ್ ಪಾರ್ಕರ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಬೈಬಲನ್ನೂ ಕ್ರೈಸ್ತ ಚಿಂತಕರನ್ನೂ ಉಲ್ಲೇಖಿಸಿದರು.

ಕೆಲವೇ ದಿನಗಳಲ್ಲಿ ಆ ರಾಜ್ಯದ ಹಲವು ಕ್ಲಿನಿಕ್‌ಗಳು ಐವಿಎಫ್ ನಿಲ್ಲಿಸಿದವು. ಒಂದು ಭ್ರೂಣ ಹಾಳಾದರೆ ಸಾವಿನ ಕೇಸು ಮೈಮೇಲೆ ಬರಬಹುದು ಅಂದರೆ ಯಾವ ಡಾಕ್ಟರ್ ಮುಟ್ಟುತ್ತಾರೆ? ಜನರ ಕೂಗು ಜೋರಾಯಿತು. ಮಾರ್ಚ್ ಮೊದಲ ವಾರದಲ್ಲೇ ಶಾಸನಸಭೆ ಕ್ಲಿನಿಕ್‌ಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಆದರೆ ಭ್ರೂಣ ಮಗುವೋ ಅಲ್ಲವೋ ಎನ್ನುವ ಪ್ರಶ್ನೆಗೆ ಅದು ಕೈ ಹಾಕಲಿಲ್ಲ.

ಮಕ್ಕಳು ಈಗ ಬೇಡ ಎನ್ನುವವರ ಸುತ್ತ ದಶಕಗಳ ಕಾಲ ನಡೆದ ಜಗಳ, ಮಕ್ಕಳು ಬೇಕೇ ಬೇಕು ಎಂದು ಹಂಬಲಿಸುವವರ ಬಾಗಿಲಿಗೂ ಬಂದು ನಿಂತಿತು. ಗರ್ಭನಿರೋಧಕ, ಗರ್ಭಪಾತ, ಐವಿಎಫ್ ಮೂರೂ ಬೇರೆ ಬೇರೆ ವಿಷಯಗಳು ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ‘ವ್ಯಕ್ತಿ’ ಎಲ್ಲಿಂದ ಶುರು ಎಂಬ ಗೆರೆಯನ್ನು ಕಾನೂನು ಒಂದಿಷ್ಟು ಹಿಂದಕ್ಕೆ ಸರಿಸಿದರೆ ಸಾಕು, ಮೂರೂ ಒಟ್ಟಿಗೆ ಅಲುಗಾಡುತ್ತವೆ.

ಮೂರು ಪ್ರಶ್ನೆಗಳು ಒಂದಾಗಿ ಕಲಸಿಹೋದಾಗ

ಈ ವಾದಗಳಲ್ಲಿ ಜಾಸ್ತಿ ಗೊಂದಲ ಆಗುವುದು ಮೂರು ಪ್ರಶ್ನೆಗಳನ್ನು ಒಂದೇ ಎಂಬಂತೆ ಕೇಳುವುದರಿಂದ. ಜೀವ ಯಾವಾಗ ಶುರುವಾಗುತ್ತದೆ? ಆ ಜೀವ ಯಾವಾಗಿನಿಂದ ನಮ್ಮ ನಿಮ್ಮಂತೆ ಒಬ್ಬ ವ್ಯಕ್ತಿ? ಅದನ್ನು ಉಳಿಸಲು ಇನ್ನೊಬ್ಬರ ದೇಹದ ಮೇಲೆ ಸರ್ಕಾರ ಎಷ್ಟರ ಮಟ್ಟಿಗೆ ಬಲವಂತ ಮಾಡಬಹುದು?

ಮೊದಲನೆಯದಕ್ಕೆ ವಿಜ್ಞಾನ ಸಾಕಷ್ಟು ಹೇಳುತ್ತದೆ. ಅಂಡ ಮತ್ತು ವೀರ್ಯಾಣು ಸೇರಿದಾಗ ಹೊಸ ಡಿಎನ್‌ಎ ಇರುವ ಕೋಶ ಹುಟ್ಟುತ್ತದೆ. ಅದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಸುಮಾರು 6ರಿಂದ 10 ದಿನ ಬೇಕು. ಎಷ್ಟೋ ಸಲ ಅಂಟಿಕೊಳ್ಳುವುದೇ ಇಲ್ಲ, ಹೆಂಗಸಿಗೆ ಗೊತ್ತೂ ಆಗದೆ ಹೋಗಿಬಿಡುತ್ತದೆ. ಮೊದಲ ಎರಡು ವಾರದವರೆಗೆ ಅದೇ ಒಂದು ಭ್ರೂಣ ಒಡೆದು ಅವಳಿಯಾಗಬಹುದು. ಸುಮಾರು 24 ವಾರದ ಹೊತ್ತಿಗೆ, ಒಳ್ಳೆಯ ಆಸ್ಪತ್ರೆಯ ನೆರವಿದ್ದರೆ, ಹೊರಗೆ ಬದುಕುವ ಸಾಧ್ಯತೆ ಬರುತ್ತದೆ. ಇಷ್ಟನ್ನು ವಿಜ್ಞಾನ ವಿವರಿಸಬಲ್ಲದು. ಇದರಲ್ಲಿ ಯಾವ ಹಂತಕ್ಕೆ ಎಷ್ಟು ಬೆಲೆ ಕೊಡಬೇಕು ಎಂದು ಅದು ಹೇಳಲಾರದು. ಅದು ಎರಡನೆಯ ಪ್ರಶ್ನೆ. ಅಲ್ಲಿ ಧರ್ಮ, ತತ್ತ್ವ, ನಂಬಿಕೆ ಮಾತನಾಡುತ್ತವೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದದ್ದು ಕಾನೂನು. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಮೂರನೆಯದೂ ತಾನಾಗಿ ಬಗೆಹರಿಯಿತು ಎಂದು ತಿಳಿಯುವುದೇ ಈ ಇಡೀ ಚರ್ಚೆಯ ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ.

ಧರ್ಮಗಳು ಒಂದೇ ಮಾತು ಹೇಳಿಲ್ಲ

‘ಧರ್ಮ ಇದನ್ನು ಒಪ್ಪುವುದಿಲ್ಲ’ ಎಂದು ಯಾರಾದರೂ ಹೇಳಿದರೆ, ಯಾವ ಧರ್ಮ, ಯಾವ ಕಾಲದ್ದು ಎಂದು ಕೇಳಬೇಕಾಗುತ್ತದೆ.

ಗರ್ಭ ನಿಂತ ಕ್ಷಣದಿಂದಲೇ ಪೂರ್ಣ ರಕ್ಷಣೆ ಬೇಕು ಎನ್ನುವುದು ಇಂದಿನ ಕ್ಯಾಥೊಲಿಕ್ ಚರ್ಚಿನ ಗಟ್ಟಿ ನಿಲುವು. ಆದರೆ 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್, ಅರಿಸ್ಟಾಟಲ್‌ನ ದಾರಿ ಹಿಡಿದು, ಮನುಷ್ಯನ ಆತ್ಮ ಭ್ರೂಣದಲ್ಲಿ ನೆಲೆಸುವುದು ದೇಹ ಒಂದು ರೂಪಕ್ಕೆ ಬಂದ ಮೇಲೆಯೇ ಎಂದು ನಂಬಿದ್ದರು. ಅರಿಸ್ಟಾಟಲ್‌ನ ಲೆಕ್ಕದಲ್ಲಿ ಗಂಡಿಗೆ ಸುಮಾರು 40 ದಿನ, ಹೆಣ್ಣಿಗೆ ಅದಕ್ಕಿಂತ ಜಾಸ್ತಿ. ಅದಕ್ಕೂ ಮೊದಲಿನ ಗರ್ಭಪಾತವನ್ನು ಚರ್ಚ್ ಪಾಪವಲ್ಲ ಅನ್ನಲಿಲ್ಲ. ಕೊಲೆಗೆ ಸಮ ಎಂದೂ ಅನ್ನಲಿಲ್ಲ. 1588ರಲ್ಲಿ ಪೋಪ್ ಐದನೇ ಸಿಕ್ಸ್‌ಟಸ್ ಈ ವ್ಯತ್ಯಾಸವನ್ನು ತೆಗೆದುಹಾಕಿ ಎಲ್ಲಕ್ಕೂ ಕಠಿಣ ಶಿಕ್ಷೆ ವಿಧಿಸಿದರು. ಮೂರೇ ವರ್ಷದಲ್ಲಿ ಪೋಪ್ 14ನೇ ಗ್ರೆಗರಿ ಅದನ್ನು ಸಡಿಲಿಸಿದರು. ವ್ಯತ್ಯಾಸ ಮತ್ತೆ ಅಳಿದದ್ದು 1869ರಲ್ಲಿ, ಒಂಬತ್ತನೇ ಪಯಸ್ ಕಾಲದಲ್ಲಿ.

ಯಹೂದಿ ಸಂಪ್ರದಾಯದ ಹಳೆಯ ಗ್ರಂಥವಾದ ಮಿಶ್ನಾ, ಹೆರಿಗೆಯಲ್ಲಿ ತಾಯಿಯ ಜೀವಕ್ಕೆ ಕುತ್ತು ಬಂದರೆ ತಾಯಿಯನ್ನೇ ಮೊದಲು ಉಳಿಸಬೇಕು ಎನ್ನುತ್ತದೆ. ಮಗುವಿನ ಹೆಚ್ಚಿನ ಭಾಗ ಹೊರಬಂದ ಮೇಲೆ ಮಾತ್ರ ಎರಡು ಜೀವಗಳೂ ಸಮ. ಇಸ್ಲಾಂನಲ್ಲಿ ಹೆಚ್ಚಿನ ವಿದ್ವಾಂಸರು ಗರ್ಭದ 120ನೇ ದಿನಕ್ಕೆ ಆತ್ಮ ಸೇರುತ್ತದೆ ಎನ್ನುತ್ತಾರೆ. ಅದಕ್ಕಿಂತ ಮೊದಲಿನ ಗರ್ಭಪಾತದ ವಿಷಯದಲ್ಲಿ ಅವರಲ್ಲೇ ಒಮ್ಮತವಿಲ್ಲ. ಹನಫಿ ಪಂಥದ ಹಲವರು ಕಾರಣವಿದ್ದರೆ ಒಪ್ಪುತ್ತಾರೆ, ಮಾಲಿಕಿಗಳು ಬಹಳ ಕಟ್ಟುನಿಟ್ಟು. ಹಿಂದೂ ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾಪಗಳ ಸಾಲಿನಲ್ಲಿ ಇಡುತ್ತವೆ. ಆದರೆ ಎಲ್ಲರ ಮೇಲೂ ಅಧಿಕಾರ ನಡೆಸುವ ಒಬ್ಬ ಗುರು, ಒಂದು ಪೀಠ ಅಲ್ಲಿಲ್ಲ. ಹಾಗಾಗಿ ಶಾಸ್ತ್ರದ ಮಾತು ನೇರವಾಗಿ ಕಾನೂನಿಗೆ ಇಳಿಯಲಿಲ್ಲ.

ಜಪಾನಿನ ಉದಾಹರಣೆ ನನ್ನನ್ನು ಬಹಳ ಕಾಡಿದೆ. ಅಲ್ಲಿ 1948ರಿಂದಲೇ ಹಲವು ಕಾರಣಗಳಿಗೆ ಗರ್ಭಪಾತಕ್ಕೆ ಅವಕಾಶವಿದೆ. ಹುಟ್ಟದೆ ಹೋದ ಮಗುವಿಗಾಗಿ ಬೌದ್ಧ ದೇವಾಲಯಗಳಲ್ಲಿ ‘ಮಿಜುಕೊ ಕುಯೊ’ ಎಂಬ ವಿಧಿಯನ್ನೂ ಮಾಡಿಸುತ್ತಾರೆ. ಆ ಜೀವಕ್ಕಾಗಿ ಅಳುತ್ತಾರೆ, ಕ್ಷಮೆ ಕೇಳುತ್ತಾರೆ. ಆದರೆ ಆ ದುಃಖವನ್ನು ಹೆಂಗಸಿನ ಮೇಲೆ ಕೇಸು ಹಾಕಲು ಬಳಸುವುದಿಲ್ಲ.

ಗರ್ಭನಿರೋಧಕದ ಹಳೆಯ ಜಗಳದಲ್ಲಿ ಭ್ರೂಣ ಇರಲೇ ಇಲ್ಲ

ಗರ್ಭನಿರೋಧಕವನ್ನು ಮೊದಮೊದಲು ವಿರೋಧಿಸಿದವರ ಮುಖ್ಯ ಚಿಂತೆ ಭ್ರೂಣವಾಗಿರಲಿಲ್ಲ. ಲೈಂಗಿಕತೆ ಮತ್ತು ಮದುವೆಯ ಉದ್ದೇಶ ಏನು ಎನ್ನುವುದು ಅವರ ಚಿಂತೆಯಾಗಿತ್ತು. ಅಮೆರಿಕದಲ್ಲಿ 1873ರ ಕಾಮ್‌ಸ್ಟಾಕ್ ಕಾನೂನು ಗರ್ಭನಿರೋಧಕಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತು. ಅಶ್ಲೀಲ ವಸ್ತುಗಳ ಪಟ್ಟಿಯಲ್ಲಿ ಅವನ್ನೂ ಸೇರಿಸಿತ್ತು. ಗರ್ಭನಿರೋಧಕದ ಪರ ಹೋರಾಡುತ್ತಿದ್ದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1935ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯನ್ನು ಕಂಡಾಗಲೂ ಚರ್ಚೆ ನಡೆದದ್ದು ಸಂಯಮದ ಬಗ್ಗೆ. ಹೆಂಗಸರ ಕಷ್ಟ ಗಾಂಧೀಜಿಗೆ ಗೊತ್ತಿತ್ತು. ಆದರೂ ಅದಕ್ಕೆ ಬ್ರಹ್ಮಚರ್ಯವೇ ದಾರಿ, ಸಾಧನಗಳಲ್ಲ ಎಂದರು.

1930ರಲ್ಲಿ ಕ್ರೈಸ್ತರೊಳಗೇ ದಾರಿ ಕವಲೊಡೆಯಿತು. ಆಂಗ್ಲಿಕನ್ ಬಿಷಪ್‌ಗಳ ಲ್ಯಾಂಬೆತ್ ಸಭೆ, ಮದುವೆಯಾದವರು ಕೆಲವು ಸಂದರ್ಭಗಳಲ್ಲಿ ಗರ್ಭನಿರೋಧಕ ಬಳಸಬಹುದು ಎಂದು ಒಪ್ಪಿತು. ಅದೇ ವರ್ಷದ ಕೊನೆಗೆ ಪೋಪ್ 11ನೇ ಪಯಸ್ ಅದನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು. 1960ರಲ್ಲಿ ಅಮೆರಿಕ ಗರ್ಭನಿರೋಧಕ ಮಾತ್ರೆಗೆ ಅನುಮತಿ ಕೊಟ್ಟಿತು. ಅದನ್ನು ರೂಪಿಸಿದವರಲ್ಲಿ ಜಾನ್ ರಾಕ್ ಎಂಬ ಶ್ರದ್ಧಾವಂತ ಕ್ಯಾಥೊಲಿಕ್ ವೈದ್ಯರೂ ಇದ್ದರು. ಇದನ್ನು ಚರ್ಚ್ ಒಪ್ಪಬಹುದು ಎಂದು ಅವರು ನಂಬಿದ್ದರು. ವ್ಯಾಟಿಕನ್ ನೇಮಿಸಿದ ಆಯೋಗದ ಬಹುಮತವೂ ಬದಲಾವಣೆಯ ಪರವಾಗಿತ್ತು. ಆದರೆ 1968ರ ಜುಲೈಯಲ್ಲಿ ಆರನೇ ಪಾಲ್, ‘ಹ್ಯುಮಾನೆ ವಿಟೆ’ ಎಂಬ ಪತ್ರದಲ್ಲಿ, ಗಂಡ ಹೆಂಡಿರ ಪ್ರತಿ ಕೂಡುವಿಕೆಯೂ ಹೊಸ ಜೀವಕ್ಕೆ ತೆರೆದಿರಬೇಕು ಎಂದು ಹೇಳಿದರು. ಹೆಂಗಸಿನ ಋತುಚಕ್ರದ ದಿನ ನೋಡಿಕೊಂಡು ದೂರ ಇರುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಇಸ್ಲಾಂ ಇಲ್ಲಿ ಬೇರೆ ದಾರಿ ಹಿಡಿದಿತ್ತು. ವೀರ್ಯ ಒಳಸೇರದಂತೆ ಹಿಂದೆಗೆಯುವ ‘ಅಜ್ಲ್’ ಪದ್ಧತಿ ಪ್ರವಾದಿಯ ಕಾಲದಲ್ಲೇ ಇತ್ತು, ಹದೀಸ್‌ಗಳಲ್ಲಿ ಅದರ ಪ್ರಸ್ತಾಪವಿದೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ವಿದ್ವಾಂಸ ಅಲ್ ಗಜಾಲಿ, ಹೆರಿಗೆಯ ಅಪಾಯ ಮತ್ತು ಹೆಚ್ಚು ಮಕ್ಕಳನ್ನು ಸಾಕುವ ಕಷ್ಟವನ್ನು ಒಪ್ಪಬಹುದಾದ ಕಾರಣಗಳೆಂದೇ ಬರೆದರು.

ಐರ್ಲೆಂಡ್: ಎರಡೂ ಜಗಳಗಳು ಸೇರಿದ ನೆಲ

ಒಂದೇ ದೇಶದ ಕಥೆಯಲ್ಲಿ ಇದೆಲ್ಲ ಅರ್ಥವಾಗಬೇಕಾದರೆ ಐರ್ಲೆಂಡನ್ನು ನೋಡಬೇಕು. ಸ್ವಲ್ಪ ಉದ್ದದ ಕಥೆ, ಆದರೆ ಬಿಡುವಂತಿಲ್ಲ.

1935ರಲ್ಲಿ ಅಲ್ಲಿ ಗರ್ಭನಿರೋಧಕಗಳ ಮಾರಾಟ ಮತ್ತು ಆಮದು ಅಪರಾಧವಾಯಿತು. 1971ರಲ್ಲಿ ಡಬ್ಲಿನ್ನಿನ ಹೆಂಗಸರ ಒಂದು ಗುಂಪು ರೈಲು ಹತ್ತಿ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಹೋಯಿತು. ಅಲ್ಲಿ ಗರ್ಭನಿರೋಧಕಗಳನ್ನು ಕೊಂಡು ಕಸ್ಟಮ್ಸ್ ಅಧಿಕಾರಿಗಳ ಕಣ್ಣೆದುರೇ ವಾಪಸ್ ತಂದರು. ಅದೇ ಹೊತ್ತಿನಲ್ಲಿ ನಾಲ್ಕು ಮಕ್ಕಳ ತಾಯಿಯೊಬ್ಬರು ಕೋರ್ಟಿನಲ್ಲಿದ್ದರು. ಇನ್ನೊಂದು ಬಸಿರು ಅವರ ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದರು. ಅವರು ತರಿಸಿಕೊಂಡ ಗರ್ಭನಿರೋಧಕ ಜೆಲ್ಲಿಯನ್ನು ಕಸ್ಟಮ್ಸ್ ವಶಪಡಿಸಿಕೊಂಡಿತ್ತು. 1973ರಲ್ಲಿ ಮೆಗೀ ಪ್ರಕರಣ ಎಂದು ಹೆಸರಾದ ಆ ತೀರ್ಪಿನಲ್ಲಿ ಐರಿಶ್ ಸುಪ್ರೀಂ ಕೋರ್ಟ್, ಗಂಡ ಹೆಂಡಿರ ಖಾಸಗಿತನದಲ್ಲಿ ಸರ್ಕಾರ ಹೀಗೆ ಕೈ ಹಾಕುವಂತಿಲ್ಲ ಎಂದಿತು.

ಹೀಗೆ ಹೇಳಿದ್ದರಲ್ಲಿ ಆ ಕೋರ್ಟ್ ಒಂಟಿಯಾಗಿರಲಿಲ್ಲ. 1965ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಗ್ರಿಸ್ವಾಲ್ಡ್ ಪ್ರಕರಣದಲ್ಲಿ, ದಂಪತಿಗಳು ಗರ್ಭನಿರೋಧಕ ಬಳಸುವುದನ್ನೇ ಅಪರಾಧ ಮಾಡಿದ್ದ ಕನೆಕ್ಟಿಕಟ್ ರಾಜ್ಯದ ಕಾನೂನನ್ನು ಖಾಸಗಿತನದ ಹೆಸರಿನಲ್ಲೇ ರದ್ದು ಮಾಡಿತ್ತು. ಅದೇ ಖಾಸಗಿತನದ ಹಕ್ಕಿನ ಮೇಲೆ 1973ರಲ್ಲಿ ರೋ ವರ್ಸಸ್ ವೇಡ್ ತೀರ್ಪು ನಿಂತಿತು, ಗರ್ಭಪಾತವೂ ಹಕ್ಕಾಯಿತು. ಐರ್ಲೆಂಡಿನ ಧಾರ್ಮಿಕ ಸಂಘಟನೆಗಳು ಇದನ್ನು ಗಮನಿಸಿದವು. ಅಮೆರಿಕದಲ್ಲಿ ಗರ್ಭನಿರೋಧಕದಿಂದ ಗರ್ಭಪಾತಕ್ಕೆ ದಾರಿ ಆದಂತೆ ಇಲ್ಲೂ ಆದರೆ? ಈ ಭಯದಿಂದಲೇ 1983ರ ಎಂಟನೇ ತಿದ್ದುಪಡಿ ಬಂತು. ಹುಟ್ಟದ ಮಗುವಿನ ಬದುಕುವ ಹಕ್ಕು ತಾಯಿಯ ಬದುಕುವ ಹಕ್ಕಿಗೆ ಸಮ ಎಂದು ಸಂವಿಧಾನದಲ್ಲೇ ಬರೆಯಲಾಯಿತು. ಮತ ಹಾಕಿದವರಲ್ಲಿ ಸುಮಾರು 67% ಜನ ಒಪ್ಪಿದರು.

ಕಾಗದದ ಮೇಲೆ ‘ಸಮ’ ಎಂದು ಬರೆಯುವುದು ಸುಲಭ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತ ಡಾಕ್ಟರಿಗೆ ಅದರ ಅರ್ಥ ಏನು? 2012ರ ಅಕ್ಟೋಬರ್‌ನಲ್ಲಿ ಗಾಲ್ವೇ ನಗರದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಕರ್ನಾಟಕದಿಂದ ಹೋಗಿದ್ದ 31 ವರ್ಷದ ದಂತವೈದ್ಯೆ ಸವಿತಾ ಹಾಲಪ್ಪನವರ್ 17 ವಾರದ ಗರ್ಭಿಣಿ. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೆ ಖಚಿತವಾಗಿತ್ತು. ಗರ್ಭ ತೆಗೆಯಿರಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇತ್ತು. ತಾಯಿಯ ಪ್ರಾಣಕ್ಕೆ ನಿಜವಾದ, ಗಂಭೀರ ಅಪಾಯ ಇದ್ದರೆ ಮಾತ್ರ ಕಾನೂನು ಬಿಡುತ್ತಿತ್ತು. ಅಪಾಯ ಆ ಮಟ್ಟಕ್ಕೆ ಬರಲಿ ಎಂದು ಕಾಯಲಾಯಿತು. ನಂಜು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ನಂಜಿನ ಲಕ್ಷಣಗಳನ್ನು ಬೇಗ ಗುರುತಿಸದೆ ಹೋದದ್ದೂ ತನಿಖೆಯಲ್ಲಿ ಹೊರಬಂತು. ಇದು ಕ್ಯಾಥೊಲಿಕ್ ದೇಶ ಎಂದು ಅವರಿಗೆ ಹೇಳಿದ್ದು ನಿಜ ಎಂದು ಸಿಬ್ಬಂದಿಯೊಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು.

ಸವಿತಾ ಹಿಂದೂ. ಆ ಚರ್ಚಿನ ಸದಸ್ಯೆ ಅಲ್ಲ. ಬೇರೆಯವರ ನಂಬಿಕೆ ಅವರ ದೇಹದ ಮೇಲೆ ಕಾನೂನಾಗಿ ಕೆಲಸ ಮಾಡಿತು. ಈ ಅನ್ಯಾಯವನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ.

2018ರ ಮೇ 25ರಂದು ಐರ್ಲೆಂಡಿನ ಜನ 66.4% ಮತಗಳಿಂದ ಎಂಟನೇ ತಿದ್ದುಪಡಿಯನ್ನು ತೆಗೆದುಹಾಕಿದರು. 35 ವರ್ಷಗಳ ಹಿಂದೆ ಅದನ್ನು ತಂದ ಬಹುಮತ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಬಹುಮತ ಅದನ್ನು ಅಳಿಸಿತು.

ಮಾತ್ರೆಯೂ ಗರ್ಭಪಾತವೇ?

ವ್ಯಕ್ತಿ ಶುರುವಾಗುವುದು ಅಂಡ ಮತ್ತು ವೀರ್ಯಾಣು ಸೇರಿದ ಕ್ಷಣದಲ್ಲಿ ಎಂದು ಇಟ್ಟುಕೊಳ್ಳಿ. ಆಗ ಆ ಭ್ರೂಣ ಗರ್ಭಕೋಶಕ್ಕೆ ಅಂಟದಂತೆ ಮಾಡುವ ಯಾವುದೂ ಗರ್ಭಪಾತ ಎನಿಸಿಕೊಳ್ಳುತ್ತದೆ. ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಅಂಟಿಕೊಂಡ ಮೇಲೆಯೇ ಗರ್ಭ ಶುರು ಎನ್ನುತ್ತಾರೆ. ಈ ಒಂದು ವಾರದ ಅಂತರದಲ್ಲೇ ಇವತ್ತಿನ ಗರ್ಭನಿರೋಧಕದ ಜಗಳ ಇರುವುದು.

2014ರಲ್ಲಿ ಅಮೆರಿಕದ ಹಾಬಿ ಲಾಬಿ ಕಂಪನಿಯ ಪ್ರಕರಣದಲ್ಲಿ ಆದದ್ದು ಇದೇ. ನೌಕರರ ವಿಮೆಯಲ್ಲಿ ಗರ್ಭನಿರೋಧಕಗಳ ಖರ್ಚೂ ಸೇರಬೇಕು ಎಂಬ ನಿಯಮವಿತ್ತು. ಕಂಪನಿಯ ಮಾಲೀಕರು ಅವುಗಳಲ್ಲಿ ನಾಲ್ಕನ್ನು ಮಾತ್ರ ವಿರೋಧಿಸಿದರು. ಎರಡು ತುರ್ತು ಮಾತ್ರೆಗಳು, ಎರಡು ಬಗೆಯ ವಂಕಿಗಳು. ಇವು ಭ್ರೂಣ ಅಂಟದಂತೆ ತಡೆಯಬಹುದು, ಅಂದರೆ ಕೊಲ್ಲಬಹುದು ಎನ್ನುವುದು ಅವರ ನಂಬಿಕೆ. ನಂಬಿಕೆ ಪ್ರಾಮಾಣಿಕವಾದದ್ದು ಎನ್ನುವಷ್ಟು ಕೋರ್ಟಿಗೆ ಸಾಕಾಯಿತು. ಅದು ವಿಜ್ಞಾನಕ್ಕೆ ಹೊಂದುತ್ತದೆಯೇ ಎಂದು ಅದು ತೀರ್ಮಾನಿಸಲಿಲ್ಲ. 5-4ರಿಂದ ಮಾಲೀಕರು ಗೆದ್ದರು. 2022ರ ಕೊನೆಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಆ ತುರ್ತು ಮಾತ್ರೆಗಳಲ್ಲಿ ಒಂದಾದ ಪ್ಲಾನ್ ಬಿ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ, ಅಂಟಿಕೊಳ್ಳುವುದನ್ನು ತಡೆಯುವುದಿಲ್ಲ ಎಂದು ಡಬ್ಬಿಯ ಮೇಲಿನ ಮಾಹಿತಿಯನ್ನೇ ಬದಲಿಸಿತು. ಮಾಲೀಕರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಔಷಧ ದೇಹದಲ್ಲಿ ಏನು ಮಾಡುತ್ತದೆ ಎನ್ನುವುದು ನಂಬಿಕೆಯ ವಿಷಯವಲ್ಲ, ಪರೀಕ್ಷಿಸಿ ನೋಡಬಹುದಾದ ವಿಷಯ. ಕಾನೂನು ಅಷ್ಟನ್ನಾದರೂ ಕೇಳಬೇಕಿತ್ತು.

ಫಿಲಿಪ್ಪೀನ್ಸ್‌ನಲ್ಲಿ ಪರಿಣಾಮ ಇನ್ನೂ ದೊಡ್ಡದು. ಗರ್ಭ ನಿಂತಂದಿನಿಂದ ಹುಟ್ಟದ ಜೀವಕ್ಕೂ ತಾಯಿಗೂ ಸಮಾನ ರಕ್ಷಣೆ ಎಂದು ಅಲ್ಲಿನ 1987ರ ಸಂವಿಧಾನ ಹೇಳುತ್ತದೆ. ಚರ್ಚಿನ ವಿರೋಧದ ನಡುವೆಯೇ 2012ರಲ್ಲಿ ಬಡವರಿಗೆ ಗರ್ಭನಿರೋಧಕ ಸಿಗುವಂತೆ ಮಾಡುವ ಕಾನೂನು ಬಂತು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುಮಟ್ಟಿಗೆ ಉಳಿಸಿತು. ಆದರೆ ಅಂಟದಂತೆ ತಡೆಯುವ ಸಾಧನ ಯಾವುದೂ ಕೂಡದು ಎಂದಿತು. ಮರುವರ್ಷ ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್‌ಗಳನ್ನು ಸರ್ಕಾರ ಹಂಚುವುದಕ್ಕೆ ತಡೆ ಬಿತ್ತು. ಇವು ಗರ್ಭಪಾತ ಮಾಡುವ ಸಾಧನಗಳಲ್ಲ ಎಂದು ಔಷಧ ನಿಯಂತ್ರಕರು ಖಚಿತಪಡಿಸಿದ್ದು 2017ರ ನವೆಂಬರ್‌ನಲ್ಲಿ.

ಧರ್ಮ ಇಲ್ಲದೆಯೂ ಬಲವಂತ

ಎಲ್ಲಕ್ಕೂ ಧರ್ಮವನ್ನೇ ದೂರುವುದು ಸರಿಯಲ್ಲ. 1966ರಲ್ಲಿ ರೊಮೇನಿಯಾದ ಕಮ್ಯುನಿಸ್ಟ್ ಸರ್ಕಾರ ಗರ್ಭಪಾತವನ್ನು ಬಹುತೇಕ ನಿಷೇಧಿಸಿತು. ಗರ್ಭನಿರೋಧಕಗಳು ಕೈಗೆ ಸಿಗದಾದವು. ಉದ್ದೇಶ ಜನಸಂಖ್ಯೆ ಏರಿಸುವುದು, ಅಷ್ಟೇ. ಕಳ್ಳತನದ ಗರ್ಭಪಾತಗಳಲ್ಲಿ ಸಾವಿರಾರು ಹೆಂಗಸರು ಸತ್ತರು, ಅನಾಥಾಲಯಗಳು ತುಂಬಿದವು. 1989ರ ಡಿಸೆಂಬರ್‌ನಲ್ಲಿ ಸರ್ವಾಧಿಕಾರಿ ಬಿದ್ದ ಕೂಡಲೇ ರದ್ದಾದ ಕಾನೂನುಗಳಲ್ಲಿ ಇದೂ ಒಂದು. ಭಾರತದಲ್ಲಿ ಆದದ್ದು ಇದರ ತಿರುವುಮುರುವು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು, ಎಷ್ಟೋ ಕಡೆ ಬಲವಂತವಾಗಿ. ಇರಾನ್ 1989ರಿಂದ ಧರ್ಮಗುರುಗಳ ಒಪ್ಪಿಗೆಯಿಂದಲೇ ಗರ್ಭನಿರೋಧಕಗಳನ್ನು ಉಚಿತವಾಗಿ ಹಂಚಿತು. ಜನಸಂಖ್ಯೆ ಕುಗ್ಗುವ ಚಿಂತೆ ಬಂದಾಗ, 2021ರ ಕಾನೂನಿನಲ್ಲಿ, ಆ ಉಚಿತ ಹಂಚಿಕೆಯನ್ನೇ ನಿಲ್ಲಿಸಿತು. ಗ್ರಂಥ ಬದಲಾಗಲಿಲ್ಲ. ಸರ್ಕಾರದ ಲೆಕ್ಕಾಚಾರ ಬದಲಾಯಿತು.

ವ್ಯಕ್ತಿ ಅನ್ನದೆ ರಕ್ಷಿಸುವ ದಾರಿಗಳು

ಭ್ರೂಣಕ್ಕೆ ಎಲ್ಲ ಹಕ್ಕು ಕೊಡಬೇಕು, ಇಲ್ಲವೇ ಏನೂ ಕೊಡಬಾರದು ಎಂಬಂತೆ ವಾದ ನಡೆಯುತ್ತದೆ. ಕಾನೂನು ಯಾವತ್ತೂ ಹಾಗೆ ನಡೆದುಕೊಂಡಿಲ್ಲ. ಆಸ್ತಿಯ ಕಾನೂನನ್ನೇ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅಪ್ಪ ಸಾಯುವಾಗ ಹೊಟ್ಟೆಯಲ್ಲಿದ್ದ ಮಗುವಿಗೂ ಪಾಲಿದೆ. ಆದರೆ ಅದು ಜೀವಂತವಾಗಿ ಹುಟ್ಟಬೇಕು. ಹುಟ್ಟಿನ ತನಕ ಹಕ್ಕು ಕಾದಿರುತ್ತದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯೂ ಭ್ರೂಣವನ್ನು ವ್ಯಕ್ತಿ ಎಂದು ಘೋಷಿಸಲಿಲ್ಲ. ಹೆಣ್ಣು ಎಂಬ ಕಾರಣಕ್ಕೆ ನಡೆಯುವ ತಾರತಮ್ಯಕ್ಕೆ ತಡೆ ಹಾಕಿತು.

ಜರ್ಮನಿಯ ಸಂವಿಧಾನ ನ್ಯಾಯಾಲಯ 1993ರಲ್ಲಿ, ಹುಟ್ಟದ ಜೀವವನ್ನು ರಕ್ಷಿಸುವ ಹೊಣೆ ಸರ್ಕಾರದ್ದು ಎಂದು ಗಟ್ಟಿಯಾಗಿ ಹೇಳಿತು. ಆದರೆ ತಾಯಿಯ ವಿರುದ್ಧ ನಿಂತು ಅದನ್ನು ಮಾಡಲಾಗದು, ಅವಳ ಜೊತೆ ನಿಂತೇ ಮಾಡಬೇಕು ಎಂದೂ ಹೇಳಿತು. ಅಲ್ಲಿ ಆಪ್ತಸಲಹೆ ಪಡೆದ ಮೇಲೆ ಮೊದಲ 12 ವಾರದೊಳಗಿನ ಗರ್ಭಪಾತಕ್ಕೆ ಶಿಕ್ಷೆಯಿಲ್ಲ. ಕೋಸ್ಟರಿಕಾ 2000ದಲ್ಲಿ ಭ್ರೂಣದ ಹಕ್ಕಿನ ಹೆಸರಿನಲ್ಲಿ ಐವಿಎಫ್ ಅನ್ನೇ ನಿಷೇಧಿಸಿತ್ತು. 2012ರಲ್ಲಿ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ನ್ಯಾಯಾಲಯ ಅದನ್ನು ತಪ್ಪು ಎಂದಿತು. ರಕ್ಷಣೆ ಬೆಳವಣಿಗೆಯ ಜೊತೆ ಹಂತಹಂತವಾಗಿ ಹೆಚ್ಚುತ್ತದೆ ಎನ್ನುವುದು ಅದರ ಮಾತು.

ಈ ದಾರಿ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಎಲ್ ಸಾಲ್ವಡಾರ್ ಇದೆ. 1998ರಿಂದ ಅಲ್ಲಿ ಯಾವ ಕಾರಣಕ್ಕೂ ಗರ್ಭಪಾತ ಕೂಡದು. ತಾನಾಗಿ ಗರ್ಭ ಹೋದ, ಸತ್ತ ಮಗು ಹೆತ್ತ ಬಡ ಹೆಂಗಸರೂ ಕೊಲೆ ಆರೋಪದಲ್ಲಿ ಜೈಲು ಸೇರಿದ್ದಾರೆ.

ಭಾರತ 1971ರ ಗರ್ಭಪಾತ ಕಾಯ್ದೆಯಲ್ಲೇ ಗರ್ಭನಿರೋಧಕ ಮತ್ತು ಗರ್ಭಪಾತವನ್ನು ಬೇರೆ ರೀತಿ ಜೋಡಿಸಿತು. ಗರ್ಭನಿರೋಧಕ ಕೈಕೊಟ್ಟರೆ ಅದೇ ಗರ್ಭಪಾತಕ್ಕೆ ಒಪ್ಪುವ ಕಾರಣ ಎಂದಿತು. ಆಗ ಮದುವೆಯಾದವರಿಗೆ ಮಾತ್ರ. 2021ರ ತಿದ್ದುಪಡಿ ‘ಗಂಡ’ ಎಂಬಲ್ಲಿ ‘ಸಂಗಾತಿ’ ಎಂದು ಬದಲಿಸಿ, ಕೆಲವು ವರ್ಗದ ಹೆಂಗಸರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದಿತು.

ಆದರೂ ಇಲ್ಲಿ ತೀರ್ಮಾನದ ಕೀಲಿ ಪೂರ್ತಿಯಾಗಿ ಹೆಂಗಸಿನ ಕೈಯಲ್ಲಿಲ್ಲ. ಡಾಕ್ಟರ್ ಒಪ್ಪಬೇಕು, ತಡವಾದರೆ ವೈದ್ಯಕೀಯ ಮಂಡಳಿ ಒಪ್ಪಬೇಕು. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು 26 ವಾರದ ಗರ್ಭ ತೆಗೆಸಲು ಸುಪ್ರೀಂ ಕೋರ್ಟಿನ ಅನುಮತಿ ಕೇಳಿದರು. ಹಿಂದಿನ ಹೆರಿಗೆಯ ನಂತರ ಅವರಿಗೆ ಮಾನಸಿಕ ಕಾಯಿಲೆ ಶುರುವಾಗಿತ್ತು. ಗರ್ಭ ನಿಂತದ್ದು ತಡವಾಗಿ ಗೊತ್ತಾಗಿತ್ತು. ಇಬ್ಬರು ನ್ಯಾಯಮೂರ್ತಿಗಳ ಪೀಠದಲ್ಲಿ ಒಬ್ಬರು ಬೇಡ ಎಂದರು, ಇನ್ನೊಬ್ಬರು ತಾಯಿಯ ನಿರ್ಧಾರವನ್ನು ಗೌರವಿಸಬೇಕು ಎಂದರು. ಮೂವರ ಪೀಠ ಕೊನೆಗೆ ಅನುಮತಿ ಕೊಡಲಿಲ್ಲ. 24 ವಾರ ದಾಟಿದೆ, ತಾಯಿಯ ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ಗಂಭೀರ ದೋಷವಿಲ್ಲ ಎಂದು ಕಾರಣ ಕೊಟ್ಟಿತು. ಹೆರಿಗೆಯ ಖರ್ಚು ಸರ್ಕಾರದ್ದು, ಮಗುವನ್ನು ದತ್ತು ಕೊಡುವ ಆಯ್ಕೆ ಹೆತ್ತವರದ್ದು ಎಂದಿತು.